ನಿಲ್ಲಿಸುವ ಹೊರೆ ಯಾರ ಹೆಗಲಿಗೆ?

ಮನುಷ್ಯ ತಾನು ಮಾಡಿದ ಹಾನಿಯನ್ನು ತಾನೇ ಸರಿಪಡಿಸಬಲ್ಲನೇ? ಹೌದು ಎನ್ನಲು ನಮ್ಮ ಮುಂದಿರುವ ದೊಡ್ಡ ಉದಾಹರಣೆ ಓಝೋನ್ ಪದರ. ಸೂರ್ಯನ ಅಪಾಯಕಾರಿ ಕಿರಣಗಳನ್ನು ತಡೆಯುವ ಈ ಪದರವನ್ನು ಫ್ರಿಜ್, ಏಸಿ, ಸ್ಪ್ರೇ ಡಬ್ಬಿಗಳ ಸಿ.ಎಫ್.ಸಿ. ಅನಿಲಗಳು ನಾಶಪಡಿಸುತ್ತವೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಪದರ ತೀರಾ ತೆಳುವಾಗಿರುವುದು ಬಯಲಾಯಿತು. ಎರಡೇ ವರ್ಷಗಳಲ್ಲಿ, 1987ರಲ್ಲಿ, ಮಾಂಟ್ರಿಯಲ್ ಒಪ್ಪಂದವಾಯಿತು. ಪದರವೀಗ ಚೇತರಿಸಿಕೊಳ್ಳುತ್ತಿದೆ. ಅಂಟಾರ್ಕ್ಟಿಕಾದ ಮೇಲೆ ಅದು 1980ರ ಸ್ಥಿತಿಗೆ ಮರಳಲು ಸುಮಾರು 2066ರ ವರೆಗೆ ಕಾಯಬೇಕೆಂದು 2023ರಲ್ಲಿ ವಿಶ್ವಸಂಸ್ಥೆ ಹೇಳಿತು.

ಬದಲಿ ಅನಿಲಗಳು ಸಿಕ್ಕಿದ್ದು ಈ ಯಶಸ್ಸಿಗೆ ಒಂದು ಕಾರಣ. ಇನ್ನೊಂದು ಕಾರಣ ನ್ಯಾಯದ ಲೆಕ್ಕ. ಹೆಚ್ಚು ಹಾನಿ ಮಾಡಿದ್ದು ಶ್ರೀಮಂತ ರಾಷ್ಟ್ರಗಳು. ಆದ್ದರಿಂದ ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಹತ್ತು ವರ್ಷಗಳ ಹೆಚ್ಚುವರಿ ಕಾಲಾವಕಾಶ ದೊರೆಯಿತು. ಅವುಗಳ ಖರ್ಚಿಗೆ ನಿಧಿಯೊಂದನ್ನು ಸ್ಥಾಪಿಸಲು 1990ರಲ್ಲಿ ಲಂಡನ್ ಸಭೆ ಒಪ್ಪಿತು. ಭಾರತ ಒಪ್ಪಂದಕ್ಕೆ ಸೇರಿದ್ದು ಆ ಬಳಿಕವೇ, 1992ರಲ್ಲಿ.

ಇದೇ ಲೆಕ್ಕವನ್ನು ನಮ್ಮ ಸಂಡೂರಿಗೆ ಹಚ್ಚಿ ನೋಡೋಣ. ಓಝೋನ್ ಹಾನಿ ಕಣ್ಣಿಗೆ ಕಾಣದು. ಇಲ್ಲಿಯದು ಎಲ್ಲರಿಗೂ ಕಾಣುತ್ತಿತ್ತು. ಅದಿರಿನ ಬೆಲೆ ಏರಿದಂತೆ ಬೆಟ್ಟಗಳು ಕರಗಿದವು, ಹೊಸಪೇಟೆ ದಾರಿಯ ಮರಗಳೂ ಹೊಲದ ಬೆಳೆಯೂ ಕೆಂಧೂಳು ಹೊದ್ದವು. ಕೊನೆಗೆ 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು.

ತಡೆದದ್ದು ಸರಿ. ಆದರೆ ಮರುದಿನ ಕೆಲಸವಿಲ್ಲದೆ ಕುಳಿತವರು ಯಾರು? ಗಣಿ ಕೂಲಿಗಳು, ಲಾರಿ ಡ್ರೈವರ್‌ಗಳು, ಕ್ಲೀನರ್‌ಗಳು, ಸಾಲ ಮಾಡಿ ಒಂದು ಲಾರಿ ಕೊಂಡವರು, ದಾರಿಬದಿಯ ಪಂಕ್ಚರ್ ಅಂಗಡಿಯವರು. ಗಣಿಯಿಂದ ಕೋಟಿ ಗಳಿಸಿದವರೂ ಗಣಿ ನಿಂತಾಗ ಹಸಿದವರೂ ಒಂದೇ ಜನರಲ್ಲ.

ಹಾಗೆಂದು ಕೂಲಿಯವರ ಹಸಿವನ್ನು ಮುಂದಿಟ್ಟು ಅಕ್ರಮವನ್ನು ಸಮರ್ಥಿಸುವುದೂ ಸಲ್ಲದು. ಆ ಹಸಿವಿನ ಹೊಣೆಯೂ ಲಾಭ ಪಡೆದವರದ್ದೇ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಕೋರ್ಟ್ ಗಂಭೀರ ಅಕ್ರಮದ ಗುತ್ತಿಗೆಗಳನ್ನು ರದ್ದುಪಡಿಸಿ, ಉಳಿದ ಗಣಿಗಳ ಪುನಶ್ಚೇತನಕ್ಕೆ ಗುತ್ತಿಗೆದಾರರನ್ನೇ ಹೊಣೆ ಮಾಡಿತು. ಬೆಟ್ಟದ ಈ ಲೆಕ್ಕದಲ್ಲಿ ಕೂಲಿ ಕಳೆದುಕೊಂಡವರ ಮನೆಯೂ ಸೇರಬೇಕು.

ಓಝೋನ್ ವಿಷಯದಲ್ಲಿ ಒಂದು ಸಮಾಧಾನವಿದೆ: ನಾವು ಕೆಡಿಸುವುದನ್ನು ನಿಲ್ಲಿಸಿದರೆ ಸಾಕು, ಸೂರ್ಯನ ಬೆಳಕೇ ಅದನ್ನು ಮತ್ತೆ ಉಂಟುಮಾಡುತ್ತದೆ. ಅಗೆದ ಅದಿರು ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಸಂಡೂರಿನಲ್ಲಿ ನಿಲ್ಲಿಸಿದರಷ್ಟೇ ಸಾಲದು. ನಿಲ್ಲಿಸಿ ಎಂದು ಹೇಳುವ ನಾವೆಲ್ಲ, ಮರುದಿನ ಯಾರ ಮನೆಯ ಒಲೆ ಆರುತ್ತದೆ ಎಂದೂ ಕೇಳಬೇಕು.