ಧ್ರುವಪದವೂ ಉಪಗ್ರಹವೂ

ಅಚಲವಾದುದೊಂದನ್ನು ಆಶ್ರಯಿಸದೆ ಚಿತ್ತಕ್ಕೆ ಶಾಂತಿಯಿಲ್ಲವೆಂದು ನಮ್ಮ ದಾರ್ಶನಿಕರು ಬಹುಮಟ್ಟಿಗೆ ಒಪ್ಪಿದ್ದಾರೆ. ಆದರೆ ಚಲನೆಯೇ ಇಲ್ಲದ ವಸ್ತು ಅನುಭವಲೋಕದಲ್ಲಿ ದೊರೆಯುವುದೆ, ದೊರೆಯದಿದ್ದಲ್ಲಿ ನಾವು ಸ್ಥೈರ್ಯವೆಂದು ಕರೆಯುತ್ತಿರುವುದು ಯಾವುದನ್ನು, ಎಂಬ ಪ್ರಶ್ನೆ ಅಷ್ಟು ಸುಲಭವಾಗಿ ಬಗೆಹರಿಯತಕ್ಕದ್ದಲ್ಲ. ಇದರ ಪರಿಶೀಲನೆಗೆ ಬ್ರಿಟನ್ನಿನ ಪ್ರವಾಸಿಗಳ ಒಂದು ಲೌಕಿಕ ಉದ್ಯೋಗವನ್ನು ಎತ್ತಿಕೊಳ್ಳುತ್ತೇನೆ. ಗಹನವಿಚಾರಕ್ಕೆ ಟೆಲಿವಿಷನ್ನಿನ ದೃಷ್ಟಾಂತವೆ ಎಂದು ಹುಬ್ಬೇರಿಸುವವರು ಸ್ವಲ್ಪ ತಾಳಬೇಕು.

ಅಡುಗೆ, ಹಾಸಿಗೆ, ಸ್ನಾನಗಳ ಅನುಕೂಲವನ್ನೆಲ್ಲ ಹೊತ್ತು ಸಾಗುವ ಮೋಟಾರ್‌ಹೋಮ್ ಎಂಬ ಚರಗೃಹದಲ್ಲಿ ಅಲೆಯುವವನು, ಬಿಡಾರ ಹೂಡಿದೆಡೆಯಲ್ಲೆಲ್ಲ ಮುಕ್ಕಾಲಿಯ ಮೇಲೆ ಡಿಶ್ಶನ್ನು ನಿಲ್ಲಿಸಿ, ಆಗ್ನೇಯದಿಂದ ತುಸು ದಕ್ಷಿಣಕ್ಕೆ ತಿರುಗಿಸಿ, ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರು ಎತ್ತರದಲ್ಲಿ, ಪೂರ್ವರೇಖಾಂಶ 28.2 ಡಿಗ್ರಿಯಲ್ಲಿ ನಿಂತಿರುವ ಆಸ್ಟ್ರಾ ಉಪಗ್ರಹಗಳನ್ನು ಅರಸಬೇಕಾಗುತ್ತದೆ. ಲಂಡನ್ನಿನಲ್ಲಿ ಅವು ದಿಗಂತದಿಂದ ಸುಮಾರು 25 ಡಿಗ್ರಿ ಮೇಲಿದ್ದರೆ, ಇನ್ವರ್ನೆಸ್ಸಿನಲ್ಲಿ ಸುಮಾರು 19 ಡಿಗ್ರಿಗೆ ಇಳಿಯುವುದರಿಂದ, ಉತ್ತರಕ್ಕೆ ಹೋದಷ್ಟೂ ಒಂದು ಗುಡ್ಡವೋ ಪೈನ್ ಮರಗಳ ಸಾಲೋ ಅಡ್ಡಬರುವ ಸಂಭವ ಹೆಚ್ಚು. ದಿಕ್ಸೂಚಿಯನ್ನು ವಾಹನದ ಪಕ್ಕದಲ್ಲೇ ಹಿಡಿದರೆ ಅದರ ಕಬ್ಬಿಣ ಮುಳ್ಳನ್ನು ತನ್ನತ್ತ ಸೆಳೆಯುವುದರಿಂದ, ದಿಕ್ಕನ್ನರಿಯಬೇಕಾದವನು ತನ್ನ ಮನೆಯಿಂದಲೇ ಹತ್ತು ಹೆಜ್ಜೆ ದೂರ ಸರಿಯಬೇಕು. ಸಂಕೇತಮಾಪಕವಾದರೋ ಯಾವ ಉಪಗ್ರಹ ಸಿಕ್ಕಿದರೂ ಒಂದೇ ಉತ್ಸಾಹದಿಂದ ಕೂಗುತ್ತದೆ. ಸಿಕ್ಕಿದ್ದು ಬೇಕಾದುದೋ ನೆರೆಯದೋ ಎಂಬುದನ್ನು ಹೇಳುವ ವಿವೇಕ ಅದಕ್ಕಿಲ್ಲ. ಧ್ಯಾನದಲ್ಲಿ ಪ್ರಥಮವಾಗಿ ದೊರೆತ ಆನಂದವನ್ನೇ ಸಾಕ್ಷಾತ್ಕಾರವೆಂದು ಸಾರುವವರು ನಮ್ಮಲ್ಲಿಯೂ ಕಡಮೆಯಿಲ್ಲ.

ಇಷ್ಟು ಶ್ರಮಪಟ್ಟು ಹಿಡಿದ ಆ ಬಿಂದು ನಿಜಕ್ಕೂ ಅಚಲವೆ? ಸೆಕೆಂಡಿಗೆ ಸುಮಾರು ಮೂರು ಕಿಲೋಮೀಟರು ವೇಗದಿಂದ ಧಾವಿಸುತ್ತ, 23 ಗಂಟೆ 56 ನಿಮಿಷಗಳಿಗೊಮ್ಮೆ, ಅಂದರೆ ಭೂಮಿಯ ಆವರ್ತನದ ಕಾಲದಲ್ಲಿಯೇ, ತನ್ನ ಪ್ರದಕ್ಷಿಣೆಯನ್ನು ಮುಗಿಸುವುದರಿಂದಲೇ ಅದು ನಿಂತಂತೆ ತೋರುವುದು. ಇಂತಹ ಕಕ್ಷೆಯಿಂದ ಜಗತ್ತಿಗೆಲ್ಲ ಪ್ರಸಾರ ಸಾಧ್ಯವೆಂದು ಆರ್ಥರ್ ಕ್ಲಾರ್ಕ್ 1945ರಲ್ಲಿಯೇ ವಿವರಿಸಿದ್ದರು. ನಮ್ಮೊಡನೆ ಸಮಗತಿಯಿಂದ ಚಲಿಸುವುದೇ ಇಲ್ಲಿಯ ಸ್ಥೈರ್ಯ. ಅದೂ ಸ್ವತಃಸಿದ್ಧವಲ್ಲ: ಸೂರ್ಯಚಂದ್ರರ ಆಕರ್ಷಣೆ ಅದನ್ನು ಸದಾ ಪಥದಿಂದ ಸರಿಸುತ್ತಿರಲು, ಆಗಾಗ ಇಂಧನ ವ್ಯಯಿಸಿ ಅದನ್ನು ಸ್ವಸ್ಥಾನಕ್ಕೆ ಮರಳಿಸಬೇಕಾಗುತ್ತದೆ. ಸ್ಥಿತಿಗಾಗಿ ಮಾಡುವ ಯತ್ನವನ್ನೇ ಪತಂಜಲಿಯು ಅಭ್ಯಾಸವೆಂದು ಕರೆದನು. ಸ್ಥಿರತೆಯನ್ನು ಜಡತೆಯೊಡನೆ ಸಮೀಕರಿಸಿ ಗವಿ ಹೊಕ್ಕವರಿಗಿಂತ ಆತನ ಲಕ್ಷಣವೇ ವಸ್ತುಸ್ಥಿತಿಗೆ ಸಮೀಪವೆಂದು ನನ್ನ ಭಾವನೆ.

ಹಾಗಾದರೆ ಧ್ರುವನ ಗತಿಯೇನು ಎಂದು ಕೇಳಬಹುದು. ತಂದೆಯ ತೊಡೆಯಿಂದ ತಳ್ಳಲ್ಪಟ್ಟ ಬಾಲಕನಿಗೆ ಶ್ರೀಹರಿಯು ಅನುಗ್ರಹಿಸಿದ ಪದ ಅಚ್ಯುತವೆಂದು ಪುರಾಣ ಹೇಳುವುದು. ಆದರೂ ಭೂಮಿಯ ಅಕ್ಷ ನಿಧಾನವಾಗಿ ಓಲಾಡುವುದರಿಂದ, ಸುಮಾರು ಐದು ಸಾವಿರ ವರ್ಷಗಳ ಹಿಂದೆ ಆ ಸ್ಥಾನದ ಬಳಿ ಇದ್ದುದು ಇಂದಿನ ತಾರೆಯಲ್ಲ, ಥುಬನ್ ಎಂಬ ಬೇರೊಂದು ತಾರೆ. ಇದರಿಂದ ಪುರಾಣ ಸುಳ್ಳಾಯಿತೆನ್ನುವುದು ಆತುರದ ಮಾತು. ಪದವಿಯು ನಿಲ್ಲುವುದು, ಅದನ್ನೇರಿದವನು ಬದಲಾಗುವನು ಎಂಬುದನ್ನು, ಮನ್ವಂತರಕ್ಕೊಬ್ಬ ಇಂದ್ರನನ್ನು ಕಲ್ಪಿಸಿದ ಪುರಾಣಕಾರರೇ ಮೊದಲು ಬಲ್ಲರು.

ಇಂಧನ ತೀರುತ್ತ ಬಂದ ಉಪಗ್ರಹವನ್ನು ಕೆಲವು ನೂರು ಕಿಲೋಮೀಟರು ಮೇಲಿನ ಕಕ್ಷೆಗೆ ಕಳುಹಿಸಿ ಕೈಬಿಡುವುದು ವಾಡಿಕೆ. 1998ರಲ್ಲಿ ಉಡಾಯಿಸಿದ ಆಸ್ಟ್ರಾ 2ಎ ನಿರ್ವಹಿಸುತ್ತಿದ್ದ ಕಾರ್ಯವನ್ನು, 2012ರಿಂದ 2014ರ ವರೆಗೆ ಉಡಾಯಿಸಿದ 2ಎಫ್, 2ಇ, 2ಜಿಗಳು ಅದೇ 28.2 ಡಿಗ್ರಿಯಲ್ಲಿ ವಹಿಸಿಕೊಂಡವು. ಅದಕ್ಕಾಗಿ ಡಿಶ್ಶನ್ನು ಬೇರೆ ದಿಕ್ಕಿಗೆ ತಿರುಗಿಸಬೇಕಾಗಲಿಲ್ಲ.