ಮುಟ್ಟದೆ ಕಲಿಯುವ ವಿಜ್ಞಾನ

ವಿಜ್ಞಾನವನ್ನು ಮುಟ್ಟದೆ ಕಲಿಯಬಹುದೆ? ಹೈಸ್ಕೂಲಿನ ಭೌತ, ರಸಾಯನ ಪಾಠಗಳು ಮೊಬೈಲಿನ ಪರದೆಯೊಳಕ್ಕೆ ಹೋದಮೇಲೆ ಶಿಕ್ಷಣ ತಜ್ಞರು ಈ ಪ್ರಶ್ನೆಯನ್ನು ಅವರ ರೀತಿಯಲ್ಲಿ ಕೇಳಿಕೊಳ್ಳಲಿ. ನಾವು ನಮ್ಮ ರೀತಿಯಲ್ಲಿ ಕೇಳಬೇಕಾಗಿದೆ. ಯಾಕೆಂದರೆ ‘ಮುಟ್ಟುವುದು’ ಎಂಬ ಮಾತು ಈ ದೇಶದಲ್ಲಿ ಬರೀ ಕೈಯ ಕೆಲಸದ ಹೆಸರಲ್ಲ; ಊರಿಗೂ ಕೇರಿಗೂ ನಡುವೆ ಗೆರೆ ಎಳೆದ ಮಾತು.

೨೦೨೦ರ ಮಾರ್ಚಿನಲ್ಲಿ ಕೋವಿಡ್ ಬಂದು ಶಾಲೆಗಳು ಮುಚ್ಚಿದವು. ಜುಲೈನಲ್ಲಿ ಚಂದನ ವಾಹಿನಿಯಲ್ಲಿ ಹೈಸ್ಕೂಲು ಮಕ್ಕಳಿಗೆ ‘ಸೇತುಬಂಧ’ ಪಾಠ ಬಂತು. ಅನುಕೂಲಸ್ಥರ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಕೂತರು. ೨೦೧೭-೧೮ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಮನೆಗಳಲ್ಲಿ ಇಂಟರ್‌ನೆಟ್ ಸೌಲಭ್ಯ ಇದ್ದದ್ದು ನೂರಕ್ಕೆ ಸುಮಾರು ೧೫ ಮನೆಗೆ, ಕಂಪ್ಯೂಟರ್ ಇದ್ದದ್ದು ಸುಮಾರು ೪ ಮನೆಗೆ. ಈ ಲೆಕ್ಕ ಹೇಳಿ ಮರುಗಿದವರು ಬಹಳ ಜನ. ಆಮೇಲೆ ಫೋನು ಕೇರಿಗೂ ಬಂತು. ಅಲ್ಲಿಗೆ ಅನ್ಯಾಯ ಮುಗೀತೇನು? ನನ್ನ ಪ್ರಶ್ನೆ ಶುರುವಾಗುವುದೇ ಫೋನು ಸಿಕ್ಕಮೇಲೆ.

ಪರದೆಯ ಪರವಾದ ಮಾತನ್ನು ಮೊದಲು ನ್ಯಾಯವಾಗಿ ಕೇಳೋಣ. ಪರದೆಯ ಮೇಷ್ಟ್ರು ‘ನೀನು ಯಾರ ಪೈಕಿ’ ಅಂತ ಕೇಳುವುದಿಲ್ಲ. ಹಿಂದೆ ಹೋಗಿ ಕೂತ್ಕೋ ಅನ್ನುವುದಿಲ್ಲ. ಹತ್ತು ಸಲ ಕೇಳಿದರೂ ರೇಗುವುದಿಲ್ಲ. ವಿಜ್ಞಾನದ ಮೇಷ್ಟ್ರೇ ಇಲ್ಲದ ಊರಿನಲ್ಲಿ ಇದು ಸಣ್ಣ ಮಾತಲ್ಲ ಕಣ್ರೀ. ಕೂಲಿಗೆ ಹೋಗಿಬಂದು ರಾತ್ರಿ ಪಾಠ ಕೇಳುವ ಹುಡುಗಿಗೆ ಇದು ಬೇಡ ಅನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಜಾತಿಯನ್ನು ಕೇಳದಿರುವುದು ಬೇರೆ, ಜಾತಿ ಅಳಿಯುವುದು ಬೇರೆ. ಯಾರೂ ಯಾರನ್ನೂ ಮುಟ್ಟದ ಕಡೆ ಅಸ್ಪೃಶ್ಯತೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಒಂದು ಪ್ರಯೋಗ ತೆಗೆದುಕೊಳ್ಳೋಣ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಪಾಠದಲ್ಲೇ ಇದೆ. ಕಬ್ಬಿಣದ ಮೊಳೆಯನ್ನು ಮರಳುಕಾಗದದಲ್ಲಿ ಉಜ್ಜಿ ತಾಮ್ರದ ಸಲ್ಫೇಟಿನ ದ್ರಾವಣದಲ್ಲಿ ಸುಮಾರು ೨೦ ನಿಮಿಷ ಇಡಬೇಕು. ನೀಲಿ ಮಾಸುತ್ತದೆ, ಮೊಳೆಯ ಮೇಲೆ ಕಂದುಬಣ್ಣದ ತಾಮ್ರ ಕೂರುತ್ತದೆ. ಹೆಚ್ಚು ಕ್ರಿಯಾಶೀಲವಾದ ಕಬ್ಬಿಣ ತಾಮ್ರವನ್ನು ಹೊರದಬ್ಬಿ ಅದರ ಜಾಗ ಹಿಡಿಯುತ್ತದೆ. ಅಡಿಕೆ ತೋಟದಲ್ಲಿ ಸುಣ್ಣದ ಜೊತೆ ಕಲಸಿ ಹೊಡೆಯುವ ಮೈಲುತುತ್ತವೇ ಈ ತಾಮ್ರದ ಸಲ್ಫೇಟು. ಅದನ್ನು ಕಲಸುವ ಕೂಲಿಯವನ ಮಗಳು ಪರದೆಯಲ್ಲಿ ಅದರ ಚಿತ್ರ ನೋಡುತ್ತಾಳೆ!

ಪರದೆಯ ಮೇಲೆ ಮೊಳೆ, ಪ್ರೋಗ್ರಾಂ ಬರೆದವನು ಹೇಳಿಕೊಟ್ಟಷ್ಟನ್ನೇ ಮಾಡುತ್ತದೆ. ನಿಜವಾದ ಮೊಳೆಗೆ ಜಿಡ್ಡಿರುತ್ತದೆ, ತುಕ್ಕಿರುತ್ತದೆ. ಸರಿಯಾಗಿ ಉಜ್ಜದಿದ್ದರೆ ತಾಮ್ರ ಸರಿಯಾಗಿ ಕೂರುವುದಿಲ್ಲ. ಆಗ ಮಗು ‘ಯಾಕೆ?’ ಅನ್ನುತ್ತದೆ. ಆ ‘ಯಾಕೆ’ಯಲ್ಲೇ ವಿಜ್ಞಾನ ಇರುವುದು. ಪರದೆಯ ಪ್ರಯೋಗ ಪುಸ್ತಕದ ಮಾತು ಕೇಳುತ್ತದೆ. ಕೈಯ ಪ್ರಯೋಗದ ಮಾತನ್ನು ಪುಸ್ತಕ ಕೇಳಬೇಕಾಗುತ್ತದೆ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರಜೆಯ ಮೂಲಭೂತ ಕರ್ತವ್ಯ ಎಂದು ೧೯೭೬ರ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿತು. ತೋರಿಸಿದ್ದನ್ನು ನೋಡಿ ನಂಬುವುದರಿಂದ ಆ ಮನೋಭಾವ ಹುಟ್ಟೀತೆ?

‘ನೋಡು, ಮುಟ್ಟಬೇಡ’ ಎಂಬ ಈ ನಿಯಮ ನಮಗೆ ಹೊಸದಲ್ಲ. ಬಾಬಾಸಾಹೇಬರ ಶಾಲೆಯಲ್ಲಿ ನಲ್ಲಿ ಕಣ್ಣೆದುರಿಗೇ ಇತ್ತು. ಜವಾನ ತಿರುಗಿಸಿದರೆ ನೀರು, ಜವಾನ ಇಲ್ಲದಿದ್ದರೆ ನೀರಿಲ್ಲ ಎಂದು ಅವರೇ ಬರೆದಿದ್ದಾರೆ. ಇನ್ನು ಮುಟ್ಟಿ ಕಲಿತ ಜ್ಞಾನಕ್ಕೆ ಈ ಸಮಾಜ ಕೊಟ್ಟ ಬೆಲೆ ಏನು? ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ಬಿಡಿಸಿ, ತಂಗಡಿ ಚಕ್ಕೆ, ಅಳಲೆಕಾಯಿಗಳ ಒಗರಿನಲ್ಲಿ ಹದ ಮಾಡಿದ ನಮ್ಮ ತಾತಂದಿರು ಮಾಡುತ್ತಿದ್ದದ್ದು ರಸಾಯನಶಾಸ್ತ್ರವನ್ನೇ. ಅವರು ಹೊಲಸಾದರು. ಏನನ್ನೂ ಮುಟ್ಟದೆ ಮಂತ್ರ ಹೇಳಿದವನು ಜ್ಞಾನಿಯಾದ. ರಸಾಯನ ವಿಜ್ಞಾನಿ ಪ್ರಫುಲ್ಲಚಂದ್ರ ರಾಯ್ ಹಿಂದೂ ರಸಾಯನಶಾಸ್ತ್ರದ ಚರಿತ್ರೆ ಬರೆಯುತ್ತ (ಮೊದಲ ಸಂಪುಟ ೧೯೦೨) ಇದನ್ನೇ ಗುರುತಿಸಿದರು: ಕೈಕಸುಬುಗಳನ್ನು ಕೆಳಜಾತಿಗೆ ತಳ್ಳಿ ಬುದ್ಧಿವಂತರು ದೂರ ನಿಂತದ್ದರಿಂದ ಏಕೆ, ಹೇಗೆ ಎಂದು ಕೇಳುವ ಬುದ್ಧಿ ಈ ನಾಡಿನಲ್ಲಿ ಸತ್ತಿತು.

ತಪ್ಪೆಲ್ಲ ಫೋನಿನದೇ ಅನ್ನುವುದೂ ಸುಳ್ಳು. ಎಷ್ಟೋ ಹಳ್ಳಿ ಹೈಸ್ಕೂಲುಗಳಲ್ಲಿ ಪ್ರಯೋಗದ ಸಾಮಾನು ಬೀರುವಿನ ಗಾಜಿನ ಹಿಂದೆ ಬೀಗದಲ್ಲಿದೆ. ಒಡೆದರೆ ಯಾರು ಲೆಕ್ಕ ಕೊಡೋರು ಅಂತ ಮೇಷ್ಟ್ರಿಗೂ ಹೆದರಿಕೆ. ಆ ಗಾಜೇ ನಮ್ಮ ಮೊದಲ ಪರದೆ. ಬೀಗ ತೆಗೆದ ದಿನವಾದರೂ ಯಾರ ಕೈ ಮುಂದೆ ಬರುತ್ತದೆ, ಯಾರ ಕೈ ಬೆನ್ನ ಹಿಂದೆ ನಿಲ್ಲುತ್ತದೆ?

೨೦೨೦ರ ಆಗಸ್ಟಿನಲ್ಲಿ ‘ವಿದ್ಯಾಗಮ’ದ ಹೆಸರಿನಲ್ಲಿ ಮೇಷ್ಟ್ರುಗಳೇ ಮಕ್ಕಳಿದ್ದ ಕಡೆಗೆ ಬಂದರು, ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ರೋಗದ ಕಾಲದಲ್ಲಿ ಆದದ್ದು ಈಗ ಯಾಕಾಗಬಾರದು? ಗೆಳೆಯರೇ, ಪಾಠವನ್ನು ಪರದೆಯಿಂದ ಬೇಕಾದರೆ ಕೇಳಿಸಿ, ಪ್ರಯೋಗವನ್ನು ಮಾತ್ರ ಮಕ್ಕಳ ಕೈಯಿಂದಲೇ ಮಾಡಿಸಿ. ಸಂಜೆ ಕೇರಿಯಲ್ಲಿ ಒಂದು ಮೀಟರ್ ದಾರಕ್ಕೆ ಕಲ್ಲು ಕಟ್ಟಿ ಸ್ವಲ್ಪ ತೂಗಿಬಿಡಿ. ಹತ್ತು ಸಲ ಹೋಗಿಬರಲು ಸುಮಾರು ೨೦ ಸೆಕೆಂಡು. ದಾರದ ಉದ್ದ ಅಷ್ಟೇ ಇಟ್ಟು ಭಾರದ ಕಲ್ಲು ಕಟ್ಟಿದರೂ ಅಷ್ಟೇ ಹೊತ್ತು. ಇದನ್ನು ಯಾವ ಗುರುವೂ ಹೇಳುವುದು ಬೇಡ. ಮಕ್ಕಳೇ ಸರದಿಯಲ್ಲಿ ದಾರ ಹಿಡಿದು, ಎಣಿಸಿ, ಜಗಳವಾಡಿ ತಿಳಿಯಲಿ. ಹಾಗೆ ತಿಳಿದ ಮಗು ನಾಳೆ, ಹುಟ್ಟಿನಿಂದಲೇ ಮೇಲು ಕೀಳು ಎಂದವನಿಗೂ ‘ಎಲ್ಲಿ, ತೋರ್ಸು ನೋಡಾಣ’ ಅನ್ನುತ್ತದೆ.