ಜಿಂಕೆಗೆ ಬಿಸ್ಕತ್ತು ಕೊಡುವುದು ಪುಣ್ಯವೇ?

ಮಕ್ಕಳ ರಜೆಯಲ್ಲಿ ಮೈಸೂರಿನಿಂದ ಊಟಿಗೆ ಹೋದವರಿಗೆ ಈ ದೃಶ್ಯ ಹೊಸದಲ್ಲ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಹೊಕ್ಕ ಮೇಲೆ ರಸ್ತೆಯ ಬದಿಯಲ್ಲೇ ಚುಕ್ಕೆ ಜಿಂಕೆಗಳು ಮೇಯುತ್ತಿರುತ್ತವೆ. ಕಾರು ನಿಲ್ಲುತ್ತದೆ. ಹಿಂದಿನ ಸೀಟಿನ ಕಿಟಕಿಯಿಂದ ಪುಟ್ಟ ಕೈಯೊಂದು ಬಿಸ್ಕತ್ತು ಚಾಚುತ್ತದೆ. ನೀವು ಬೇಡವೆಂದರೆ ಮಗು ಕೇಳುತ್ತದೆ: "ಅಬ್ಬಾ, ಪ್ರಾಣಿಗೆ ತಿನ್ನಿಸಿದರೆ ಸವಾಬ್ ಸಿಗುತ್ತದೆಂದು ಮದ್ರಸದಲ್ಲಿ ಹೇಳಿದ್ದಾರಲ್ಲ?"

ನೀವು ಏನು ಉತ್ತರ ಕೊಡುವಿರಿ?

ಮಗು ಕಲಿತದ್ದು ಸರಿಯಾಗಿಯೇ ಇದೆ. ಬಾಯಾರಿ ಹಸಿಮಣ್ಣು ನೆಕ್ಕುತ್ತಿದ್ದ ನಾಯಿಗಾಗಿ ಬಾವಿಗಿಳಿದು, ಪಾದರಕ್ಷೆಯಲ್ಲಿ ನೀರು ತಂದು ಕುಡಿಸಿದವನನ್ನು ಅಲ್ಲಾಹನು ಕ್ಷಮಿಸಿದನೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಜೀವವಿರುವ ಪ್ರತಿಯೊಂದರ ಸೇವೆಗೂ ಪ್ರತಿಫಲವಿದೆ. ಆದ್ದರಿಂದ ಮಗುವನ್ನು ಗದರಿಸಬೇಡಿ. ಆ ಕರುಣೆ ಬತ್ತಿದರೆ ಮತ್ತೆ ಚಿಗುರುವುದು ಕಷ್ಟ.

ಆದರೆ ಆ ನಾಯಿ ದಾಹದಿಂದ ಸಾಯುವಂತಿತ್ತು. ಈ ಜಿಂಕೆ ಮೇಯುತ್ತಿದೆ! ಅದು ದನದಂತೆ ಮೆಲುಕು ಹಾಕುವ ಪ್ರಾಣಿ. ಹುಲ್ಲು, ಸೊಪ್ಪನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ಅದರ ಹೊಟ್ಟೆಯಲ್ಲಿವೆ. ಬ್ರೆಡ್ಡು, ಅನ್ನ, ಬಿಸ್ಕತ್ತು ಒಮ್ಮೆಲೇ ಹೆಚ್ಚಾಗಿ ಬಿದ್ದರೆ ಒಳಗೆ ಹುಳಿಯೇರಿ ಪ್ರಾಣವೇ ಹೋಗಬಹುದು. ಅಕ್ಕಿಯ ಮೂಟೆಗೆ ಬಾಯಿ ಹಾಕಿದ ಹಸುವಿನ ಪಾಡು ಹಳ್ಳಿಯವರಿಗೆ ಗೊತ್ತು. ಉಪ್ಪಿನ ರುಚಿಗೆ ಪ್ಲಾಸ್ಟಿಕ್ ಪೊಟ್ಟಣವನ್ನೂ ಅದು ನುಂಗುತ್ತದೆ. ಒಂದು ಬಿಸ್ಕತ್ತಿನಿಂದ ಜಿಂಕೆ ಸಾಯದು, ಒಪ್ಪೋಣ. ಆದರೆ ಅಲ್ಲಿ ನಿಲ್ಲುವುದು ನಿಮ್ಮ ಕಾರೊಂದೇ ಅಲ್ಲ. ಕಾರು ಕಂಡರೆ ತಿನಿಸು ಎಂದು ಕಲಿತ ಜಿಂಕೆ ರಸ್ತೆಗೇ ಬಂದು ನಿಲ್ಲುತ್ತದೆ. ಹಿಂದಿನಿಂದ ಬರುವ ಲಾರಿಗೆ ಅದು ಗೊತ್ತಿರುವುದಿಲ್ಲ. ಪ್ರಾಣಿಗಳ ಸುರಕ್ಷತೆಗಾಗಿಯೇ ಈ ಹಾದಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರಕ್ಕೆ ನಿರ್ಬಂಧವಿದೆ.

ಕಳೆದುಹೋದ ಒಂಟೆಯನ್ನು ಏನು ಮಾಡಬೇಕೆಂದು ಒಬ್ಬರು ಪ್ರವಾದಿವರ್ಯರೊಡನೆ(ಸ) ಕೇಳಿದ್ದರು. ಅವರ ಮುಖ ಕೆಂಪೇರಿತು. ಅದರ ಉಸಾಬರಿ ನಿನಗೇಕೆ, ಅದಕ್ಕೆ ಕಾಲಿದೆ, ಒಡಲಲ್ಲಿ ನೀರಿದೆ, ಅದು ನೀರಿನ ಬಳಿಗೂ ಹೋಗುತ್ತದೆ, ಮರದೆಲೆಯನ್ನೂ ತಿನ್ನುತ್ತದೆ, ಒಡೆಯನು ಬರುವವರೆಗೆ ಬಿಟ್ಟುಬಿಡು ಎಂಬರ್ಥದಲ್ಲಿ ಉತ್ತರಿಸಿದರು. ಕುರಿಯ ಬಗ್ಗೆ ಕೇಳಿದಾಗ ಮಾತ್ರ, ತೋಳದ ಪಾಲಾಗದಂತೆ ಹಿಡಿದುಕೊಳ್ಳಲು ಹೇಳಿದರು. ಇದು ಕಳೆದುಹೋದ ಸೊತ್ತಿನ ಕುರಿತ ಹದೀಸ್, ನಿಜ. ಆದರೂ ಯಾವುದಕ್ಕೆ ನಮ್ಮ ಕೈ ಬೇಕು, ಯಾವುದಕ್ಕೆ ಬೇಡ ಎಂಬ ವಿವೇಕ ಅದರಲ್ಲಿಲ್ಲವೇ? ಬೆಕ್ಕನ್ನು ಕಟ್ಟಿಹಾಕಿ ಕೊಂದ ಸ್ತ್ರೀಯ ಅಪರಾಧವನ್ನೂ ನೆನೆಯಿರಿ. ಆಕೆ ಅದಕ್ಕೆ ಉಣಿಸಲಿಲ್ಲ, ತಾನೇ ಹುಡುಕಿ ತಿನ್ನಲು ಬಿಡಲೂ ಇಲ್ಲ. ಎಂದರೆ, ಬಿಟ್ಟುಬಿಡುವುದೂ ಕರುಣೆಯೇ.

ಹಾಗಾದರೆ ಕಾಡಿನ ಪ್ರಾಣಿಗೆ ಎಂದೂ ನೆರವಾಗಬಾರದೇ? ಹಾಗಲ್ಲ. ಬರಗಾಲದಲ್ಲಿ ಕೆರೆ ಬತ್ತಿದಾಗ ಬಂಡೀಪುರದಲ್ಲಿ ಅರಣ್ಯ ಇಲಾಖೆಯವರು ಕೊಳವೆಬಾವಿಯ ನೀರನ್ನು ಹೊಂಡಗಳಿಗೆ ತುಂಬಿಸುತ್ತಾರೆ. ಅದು ಬಾವಿಗಿಳಿದವನ ಕೆಲಸದ ಸಾಲಿಗೆ ಸೇರಿದ್ದು; ಕೊರತೆಯನ್ನು ಕಂಡು, ತಿಳಿದು ಮಾಡಿದ್ದು.

ನಮ್ಮ ನಿಯ್ಯತ್ತು ಒಳ್ಳೆಯದಲ್ಲವೇ ಎನ್ನುವಿರಾ? ಕರ್ಮಗಳ ಪ್ರತಿಫಲ ನಿಯ್ಯತ್ತಿಗೆ ತಕ್ಕಂತೆಯೇ. ಆದರೆ ಹಾನಿಯೆಂದು ತಿಳಿದ ಮೇಲೆಯೂ ಚಾಚುವ ಕೈಯ ನಿಯ್ಯತ್ತು ಯಾವುದು? ಪ್ರಾಮಾಣಿಕವಾಗಿ ಹೇಳಿ, ಜಿಂಕೆ ಹತ್ತಿರ ಬರಲಿ, ಮಗುವಿನೊಡನೆ ಒಂದು ಫೋಟೋ ಸಿಗಲಿ ಎಂಬುದು ಅದರಲ್ಲಿ ಎಷ್ಟು ಪಾಲು? ನಾನೂ ಈ ಲೆಕ್ಕದಿಂದ ಹೊರತಲ್ಲ.

ಮಗುವಿಗೆ ಒಂಟೆಯ ಕಥೆ ಹೇಳಿ, ಕಿಟಕಿ ಏರಿಸಿ. ಮುಸ್ಲಿಮನು ನೆಟ್ಟ ಗಿಡದಿಂದ ಹಕ್ಕಿ ತಿಂದರೂ ಅದು ಸದಕಾ ಎಂದು ಹದೀಸ್‌ನಲ್ಲಿದೆಯಲ್ಲ, ಊರಿಗೆ ಮರಳಿದ ಮೇಲೆ ಅವನ ಕೈಯಿಂದ ಹಿತ್ತಿಲಲ್ಲಿ ಒಂದು ಸೀಬೆ ಗಿಡ ನೆಡಿಸಿ. ಅದು ಹಣ್ಣು ಬಿಡುವವರೆಗೆ ಬೇಸಿಗೆಯಲ್ಲಿ ತಾರಸಿಯ ಮೇಲೆ ಗುಬ್ಬಿಗೆ ನೀರಿಡುವ ಕೆಲಸವೂ ಅವನದೇ ಆಗಲಿ.